ಗುಳಿಗೆಯೂ ಪ್ರಸಾದವೂ



ಶೃಂಗೇರಿ ಸೀಮೆಯ ಅಡ್ಡಗದ್ದೆಯಂತಹ ಮಲೆನಾಡಿನ ಊರುಗಳಲ್ಲಿ ಮಳೆಗಾಲ ಬಂತೆಂದರೆ ಅಂಗಳವೆಲ್ಲ ಪಾಚಿ. ಹಿರಿಯರೊಬ್ಬರು ಬಿದ್ದರೆ, ‘ಕಾಲು ಜಾರಿತು, ವಯಸ್ಸೂ ಆಯಿತು’ ಎಂದು ಮನೆಯವರು ಸಮಾಧಾನ ತಂದುಕೊಳ್ಳುತ್ತಾರೆ. ಬಿದ್ದವರು ಮಧುಮೇಹಕ್ಕೆ ಔಷಧ ಸೇವಿಸುವವರಾದರೆ ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕು: ಆ ಹೊತ್ತಿನಲ್ಲಿ ಅವರ ರಕ್ತದ ಸಕ್ಕರೆ ಎಷ್ಟಿತ್ತು?

ಸಕ್ಕರೆ ಏರುವುದಕ್ಕೆ ಅಂಜುವ ನಾವು ಅದು ಇಳಿಯುವುದನ್ನು ಮರೆಯುತ್ತೇವೆ. ಒಂದು ಡೆಸಿಲೀಟರ್ ರಕ್ತದಲ್ಲಿ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಬೆವರು, ನಡುಕ, ಎದೆಬಡಿತ ತೋರುತ್ತವೆ; ಇನ್ನೂ ಇಳಿದರೆ ಮಿದುಳಿಗೆ ಪೋಷಣೆ ಸಾಲದೆ ಮಂಪರು ಕವಿಯುತ್ತದೆ. ವೃದ್ಧರಲ್ಲಿ ಈ ಮುನ್ಸೂಚನೆಗಳು ಮಂದವಾಗಿರುವುದರಿಂದ, ತಲೆಸುತ್ತು ಅಥವಾ ತೊದಲುಮಾತೇ ಮೊದಲ ಲಕ್ಷಣವಾಗಬಹುದು. ಆಗ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆದಾಡುವುದು ಕಷ್ಟ.

ಇನ್ಸುಲಿನ್ ಮತ್ತು ಸಲ್ಫೋನಿಲ್ಯೂರಿಯಾ ವರ್ಗದ ಗುಳಿಗೆಗಳಲ್ಲಿ ಈ ಅಪಾಯ ಹೆಚ್ಚು. ಮೂತ್ರಪಿಂಡ ದುರ್ಬಲವಾದವರಲ್ಲಿ ಮತ್ತೂ ಹೆಚ್ಚು. ಈ ವರ್ಗದ ಗ್ಲಿಬೆನ್‌ಕ್ಲಮೈಡ್ 60 ವರ್ಷ ದಾಟಿದವರಿಗೆ ತಕ್ಕುದಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯೇ ಸೂಚಿಸಿದೆ. ಆದರೂ ಯಾವ ಗುಳಿಗೆಯನ್ನೂ ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳತಕ್ಕದ್ದು.

ನಾನೂ ಮಧುಮೇಹಿಯೇ. ಮುಂಜಾನೆ ಗುಳಿಗೆ ನುಂಗಿ ಇಷ್ಟಲಿಂಗಪೂಜೆಗೆ ಕುಳಿತು, ಪ್ರಸಾದಕ್ಕೆ ಏಳುವಾಗ ಕಾಲು ನಡುಗಿ ಗೋಡೆ ಹಿಡಿದದ್ದುಂಟು. ದೋಷ ಪೂಜೆಯದಲ್ಲ, ಗುಳಿಗೆಯ ಹೊತ್ತಿನದು. ವೈದ್ಯರ ಸಲಹೆಯಂತೆ ಗುಳಿಗೆಯನ್ನು ಪ್ರಸಾದದ ಹೊತ್ತಿಗೆ ಸರಿಸಿಕೊಂಡೆ. ಶಿವರಾತ್ರಿಯ ಉಪವಾಸಕ್ಕೂ ಮುಂಚಿತವಾಗಿ ಅವರನ್ನು ಕೇಳುವುದು ಲೇಸು. ಪೂಜೆಯ ನಡುವೆಯೇ ನಡುಕ ಬಂದರೆ ಸಕ್ಕರೆ ಸೇವಿಸಲು ಸಂಕೋಚ ಬೇಡ. ಪ್ರಸಾದಕಾಯವನ್ನು ಉಳಿಸಿಕೊಳ್ಳುವುದೂ ಧರ್ಮವೇ.

ಲಕ್ಷಣ ಕಂಡೊಡನೆ ಕುಳ್ಳಿರಿಸಿ, ಮೂರು ಚಹಾಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿರಿ. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಿರಿ. ಚೇತರಿಸಿದ ಮೇಲೆ ಊಟ ಮಾಡಿಸಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಿರಿಯರು ಬಿದ್ದುದನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ಮಕ್ಕಳು, ಸೊಸೆಯಂದಿರು ಮೆಲ್ಲನೆ ವಿಚಾರಿಸಿ, ಬಿದ್ದ ಹೊತ್ತು, ಗುಳಿಗೆಯ ಹೊತ್ತು, ಉಂಡ ಹೊತ್ತು ಈ ಮೂರನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಲಿ. ಮುಂದಿನ ಬೀಳುವಿಕೆಯನ್ನು ಆ ಚೀಟಿಯೇ ತಪ್ಪಿಸೀತು.