ಜಿಕೆವಿಕೆಯಲ್ಲಿ ಉಳಿದ ಹಿಪ್ಪೆ, ನಮ್ಮೂರಲ್ಲಿ ಅಳಿದ ಹಿಪ್ಪೆ

ನವೆಂಬರ್ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೈತರು ಟೆಂಪೊ ಮಾಡಿಕೊಂಡು ಬೆಂಗಳೂರಿನ ಜಿಕೆವಿಕೆ ಕೃಷಿಮೇಳಕ್ಕೆ ಹೋಗುತ್ತಾರೆ. ಯಂತ್ರ ನೋಡಿ, ಬಿತ್ತನೆ ಬೀಜ ತಗೊಂಡು, ಮುದ್ದೆ ಊಟ ಮಾಡಿ ವಾಪಸ್. ಅದೇ ಆವರಣದಲ್ಲಿ ಕೃಷಿ ವಿಶ್ವವಿದ್ಯಾಲಯದ ಸಸ್ಯೋದ್ಯಾನವೂ ಇದೆ. ಅತ್ತ ಹೋಗುವವರು ಕಡಿಮೆ.

ನಾನು ಹೋದಾಗ ಜೊತೆಯಲ್ಲಿದ್ದ ತುರುವೇಕೆರೆ ಕಡೆಯ ಹಿರಿಯರೊಬ್ಬರು ಹಿಪ್ಪೆ ಮರದ ಮುಂದೆ ನಿಂತುಬಿಟ್ಟರು. "ನಮ್ಮ ಹಳ್ಳದ ದಂಡೇಲೂ ಇತ್ತು ಕಣಪ್ಪ. ಇನ್ನೊಂದು ಸಾಲು ತೆಂಗು ಹಾಕಣ ಅಂತ ಕಡಿದು ಇಟ್ಟಿಗೆ ಗೂಡಿಗೆ ಕೊಟ್ವಿ" ಅಂದರು.

ಇದು ಅವರೊಬ್ಬರ ಕಥೆಯಲ್ಲ. ಬದುವಿನ ಹೊಂಗೆ, ಹುಣಸೆ, ಹಲಸು ಹೋಗಿ ತೋಟವೆಲ್ಲ ತೆಂಗೊಂದೇ ಆಗಿದೆ. ತೆಂಗು ನಮಗೆ ಅನ್ನ ಕೊಟ್ಟಿದೆ, ಅದನ್ನು ಬೈಯುತ್ತಿಲ್ಲ. ಆದರೆ ಒಂದೇ ಬೆಳೆ ನಂಬಿದರೆ ಏನಾಗುತ್ತದೆ ಎಂಬುದನ್ನು 1990ರ ದಶಕದ ಕೊನೆಯಲ್ಲಿ ಬಂದ ನುಸಿ ಪೀಡೆಯೇ ತೋರಿಸಿದೆ. ಕೊಬ್ಬರಿ ರೇಟು ಬಿದ್ದ ವರ್ಷ ಕೈಹಿಡಿಯಲು ಬದುವಿನಲ್ಲಿ ಬೇರೆ ಮರವೇ ಇಲ್ಲ. ಹಸಿರೆಲೆ ಗೊಬ್ಬರಕ್ಕೆ ಹೊಂಗೆ ಸೊಪ್ಪೂ ಇಲ್ಲ.

ಪಕ್ಕದ ಗುಬ್ಬಿ ತಾಲ್ಲೂಕಿನ ಚೇಳೂರು ಕಡೆ ನೋಡಿ. ಅಲ್ಲಿನ ರೈತರೊಬ್ಬರ ಜಮೀನಿನಲ್ಲಿದ್ದ ಒಂದೇ ಒಂದು ಕೆಂಪು ತೊಳೆಯ ಹಲಸಿನ ಮರವನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಗುರುತಿಸಿತು. ಅದೇ ಇವತ್ತಿನ 'ಸಿದ್ದು' ಹಲಸು. ಕಸಿ ಗಿಡಗಳ ಮಾರಾಟದಲ್ಲಿ ಆ ಕುಟುಂಬಕ್ಕೂ ಪಾಲು ಸಿಕ್ಕಿತು. ಅಪ್ಪ ನೆಟ್ಟ ಮರವನ್ನು ಮಗ ಕಡಿಯದೆ ಬಿಟ್ಟಿದ್ದಕ್ಕೆ ಇದೆಲ್ಲ ಆಯಿತು. ನಾವು ಕಡಿದ ಮರಗಳಲ್ಲಿ ಇನ್ನೆಷ್ಟು 'ಸಿದ್ದು'ಗಳಿದ್ದವೋ!

ನೆರಳಿಗೆ ತೆಂಗಿನ ಇಳುವರಿ ಕಡಿಮೆಯಾಗುತ್ತದೆ ಅನ್ನುವವರ ಮಾತು ಸುಳ್ಳಲ್ಲ. ತೋಟದ ಒಳಗೆ ಬೇಡ. ಶಾಲೆ ಆವರಣ, ಗೋಮಾಳ, ಹಳ್ಳದ ದಂಡೆ ಇವೆಯಲ್ಲ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನೂರಿನ ಹಳೇ ಮರಗಳ ಬೀಜದಿಂದಲೇ ಒಂದು ಪುಟ್ಟ ಸಸ್ಯೋದ್ಯಾನ ಮಾಡಲಿ. ಹೆಸರಿನ ಫಲಕವನ್ನು ಶಾಲೆ ಮಕ್ಕಳೇ ಬರೆಯಲಿ. ಗಿಡದ ಹೆಸರು ಹೇಳಿಕೊಡಲು ಊರಿನ ಅಜ್ಜ ಅಜ್ಜಿಯರಿದ್ದಾರೆ. ಸಲಹೆಗೆ ಅದೇ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರ ನಮ್ಮ ಕೊನೇಹಳ್ಳಿಯಲ್ಲೇ ಇದೆ.

ಒಂದು ಎಚ್ಚರಿಕೆ: ಹಿಪ್ಪೆ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಹುಟ್ಟುವುದಿಲ್ಲ. ಉದುರಿದ ಕೆಲವೇ ದಿನಗಳಲ್ಲಿ ಬಿತ್ತಬೇಕು. ನಿಮ್ಮೂರಿನಲ್ಲಿ ಇನ್ನೂ ಒಂದು ಹಿಪ್ಪೆ ಉಳಿದಿದ್ದರೆ ಈ ಸಲ ಮಳೆ ಬೀಳುವ ಹೊತ್ತಿಗೆ ಅದರ ಬುಡ ನೋಡಿ ಬನ್ನಿ.