ಶೇಖ್ ಇಮಾಮುದ್ದೀನನು ಮರುಳನೆ?

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವನ್ನು ಕುರಿತು ಮಾತನಾಡುವವರಲ್ಲಿ ಹಲವರು ಶೇಖ್ ಇಮಾಮುದ್ದೀನನನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವರು: ಸುಲ್ತಾನನ ಸವಿಮಾತಿಗೆ ಮರುಳಾಗಿ ಪ್ರಾಣ ಕಳೆದುಕೊಂಡ ಭೋಳೆ ಮನುಷ್ಯನೆಂದು. ಈ ತೀರ್ಪು ಅನ್ಯಾಯವಾದುದು. ನಾಟಕವನ್ನು ಸರಿಯಾಗಿ ಓದದವರ ತೀರ್ಪು.

ಇಂಥವರ ಮನಸ್ಸಿನಲ್ಲಿರುವುದು ‘ಒಥೆಲೋ’ ರುದ್ರನಾಟಕದ ರೋಡೆರಿಗೋ ಇರಬೇಕು. ಬಸವಪ್ಪಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ಯ ಕಾಲದಿಂದಲೂ ಆ ಕಥೆ ಕನ್ನಡಿಗರಿಗೆ ಅಪರಿಚಿತವಲ್ಲ. ರೋಡೆರಿಗೋ ಪರರ ಮಡದಿಯನ್ನು ಬಯಸಿದವನು. ಇಯಾಗೋ ಆ ಬಯಕೆಯನ್ನೇ ಮೂಗುದಾರವಾಗಿ ಹಿಡಿದು, ಅವನ ಹಣವನ್ನೂ ಒಡವೆಗಳನ್ನೂ ನುಂಗಿ, ಕ್ಯಾಸಿಯೋನನ್ನು ಕೊಲ್ಲಲು ಛೂಬಿಟ್ಟು, ಕಡೆಗೆ ಕತ್ತಲಲ್ಲಿ ತಾನೇ ಅವನನ್ನು ಇರಿದನು. ಅವನು ಕೆಟ್ಟದ್ದು ತನ್ನ ಆಸೆಯಿಂದ. ಶೇಖನಿಗೆ ಅಂಥ ಆಸೆ ಯಾವುದಿತ್ತು? ಸುಲ್ತಾನನ ತಪ್ಪುಗಳನ್ನು ಅವನ ರಾಜಧಾನಿಯಲ್ಲಿಯೇ ನಿಂತು ಖಂಡಿಸಲು ಬಂದವನಾತನು! ಬೆಪ್ಪನೇ ಬೇಕಾದರೆ ಅದೇ ನಾಟಕದಲ್ಲಿ, ಅಜೀಜನ ಬೆನ್ನು ಹಿಡಿದ ಆಜಮನಿದ್ದಾನೆ.

ಸುಲ್ತಾನನು ಮಾಡಿದುದನ್ನು ಓದುಗರು ಅನುಕ್ರಮವಾಗಿ ನೋಡಬೇಕು. ಮಸೀದಿಯ ಮುಂದೆ ಶೇಖನ ಭಾಷಣವನ್ನು ತಾನೇ ಏರ್ಪಡಿಸುವನು; ಎಲ್ಲರೂ ಬರಬೇಕೆಂದು ಸಾರಿಸುವನು. ಇತ್ತ ಅವನ ಸೈನಿಕರು ಮನೆಮನೆಗೂ ಹೋಗಿ, ಹೊರಟೀರಿ ಜೋಕೆಯೆಂದು ಜನರನ್ನು ಬೆದರಿಸುವರು. ಬಯಲು ಬರಿದಾಗಿರುವಾಗ ಸುಲ್ತಾನನು ಮಾತನಾಡಿರೆಂದು ಶೇಖನನ್ನು ಬೇಡುವನು! ಇದು ಬರಿಯ ಸವಿಮಾತೆ? ವಾಗ್ಮಿಯಿಂದ ಮೊದಲು ಕೇಳುಗರನ್ನು ಕಸಿದು, ಆ ಬಳಿಕ ಕೇಳುಗರಾಗಿ ಎರಡು ಸೇನೆಗಳನ್ನೇ ಅವನ ಮುಂದಿಡುವ ಉಪಾಯವಿದು. ಬಂಡೆದ್ದ ಐನ್-ಉಲ್-ಮುಲ್ಕನೊಡನೆ ಸಂಧಿಯನ್ನಾಡಿ ಮುಸಲ್ಮಾನರ ರಕ್ತ ಹರಿಯದಂತೆ ತಡೆಯಿರೆಂದರೆ ಧರ್ಮಭೀರುವಾದವನು ಒಲ್ಲೆನೆಂದಾನೆ? ತನ್ನ ಮಾತಿನ ಬಲವನ್ನು ಅವನು ತುಸು ಹೆಚ್ಚಾಗಿಯೇ ನಂಬಿದ್ದನು, ನಿಜ. ಆ ನಂಬಿಕೆಯಿಲ್ಲದವನು ಅರಸನನ್ನು ಎದುರಿಸಲು ಬರುತ್ತಲೇ ಇರಲಿಲ್ಲ.

ರೂಪದಲ್ಲಿ ಸುಲ್ತಾನನನ್ನೇ ಹೋಲುವವನಿಗೆ ಸುಲ್ತಾನನ ಉಡುಗೆಯನ್ನೇ ತೊಡಿಸಿ ಆನೆಯ ಮೇಲೆ ಕುಳ್ಳಿರಿಸಲಾಯಿತು. ರಣದಲ್ಲಿ ಅವನು ಬಾಯಿ ತೆರೆಯುವ ಮೊದಲೇ ದೆಹಲಿಯ ಪಕ್ಷದಿಂದಲೇ ಕಹಳೆ ಮೊಳಗಿತು. ಸುಲ್ತಾನನೆಂದೇ ಭ್ರಮಿಸಿದ ವೈರಿಗಳ ಬಾಣಗಳು ಅವನನ್ನು ಕೆಡಹಿದವು. ಬೆನ್ನಟ್ಟಿ ಬಂದ ಐನ್-ಉಲ್-ಮುಲ್ಕನು, ಹೊಂಚಿನಲ್ಲಿದ್ದ ಪಡೆಗೆ ಸೆರೆಸಿಕ್ಕಿದನು. ಒಂದೇ ಕಹಳೆಗೆ ನಿಂದಕನೊಬ್ಬನೂ ಬಂಡಾಯವೊಂದೂ ಮುಗಿದವು.

ಇಷ್ಟೆಲ್ಲವನ್ನೂ ಕಂಡು, ರತನ್‌ಸಿಂಗನ ಬಾಯಿಂದ ಮತ್ತೊಮ್ಮೆ ಕೇಳಿಯೂ ‘ಮರುಳ’ನೆಂಬ ಮಾತು ಶೇಖನ ಪಾಲಿಗೂ ‘ಕನಸುಗಾರ’ನೆಂಬ ಮಾತು ಸುಲ್ತಾನನ ಪಾಲಿಗೂ ಬರುವುದಾದರೆ, ಸುಲ್ತಾನನ ಮಾತಿಗೆ ಮರುಳಾದವರು ರಂಗದ ಮೇಲಿಲ್ಲ, ರಂಗದ ಮುಂದೆ ಕುಳಿತಿದ್ದಾರೆ. ಐನ್-ಉಲ್-ಮುಲ್ಕನನ್ನಾದರೋ ಸುಲ್ತಾನನು ಕ್ಷಮಿಸಿ ಅವಧಕ್ಕೇ ಮರಳಿ ಕಳುಹಿಸಿದನು. ಬಂಡೆದ್ದವನಿಗೆ ಪ್ರಾಂತ ಉಳಿಯಿತು. ಸಂಧಿಗೆ ಹೋದವನಿಗೆ ಪ್ರಾಣವೂ ಉಳಿಯಲಿಲ್ಲ.