ತೆರೆಯಿಂದ ಗಣಕಕ್ಕೊಂದು ಹಿಂಬಾಗಿಲು

ಅಪರಿಚಿತರ ಪೆನ್‌ಡ್ರೈವ್ ಮುಟ್ಟಲು ಹಿಂಜರಿಯುವ ವಿದ್ಯಾರ್ಥಿಯೂ ಸೆಮಿನಾರ್ ಕೊಠಡಿಯ ಪ್ರೊಜೆಕ್ಟರಿಗೆ ತನ್ನ ಲ್ಯಾಪ್‌ಟಾಪನ್ನು ನಿಶ್ಚಿಂತೆಯಿಂದ ಜೋಡಿಸುತ್ತಾನೆ. ಚಿತ್ರ ಗಣಕದಿಂದ ತೆರೆಗೆ ಹೋಗುತ್ತದೆ, ಅಷ್ಟೇ ಎಂಬುದು ಎಲ್ಲರ ನಂಬಿಕೆ. ವಾಸ್ತವ ಹಾಗಿಲ್ಲ. ಅದೇ ಕೇಬಲಿನಲ್ಲಿ ತೆರೆಯಿಂದ ಗಣಕಕ್ಕೆ ಮಾಹಿತಿ ಬರುವ ದಾರಿಯೂ ಇದೆ. ಆ ದಾರಿಗೆ ಕಾವಲು ಹಾಕುವ ಪುಟ್ಟ ಅಡಾಪ್ಟರನ್ನು ರೂಪಿಸುವುದು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಎಚ್‌ಡಿಎಂಐ ಪ್ಲಗ್ಗಿನಲ್ಲಿ 19 ಪಿನ್‌ಗಳಿವೆ. ಅವುಗಳಲ್ಲಿ 12, ಚಿತ್ರ ಮತ್ತು ಧ್ವನಿಯನ್ನು ಹೊರುವ ನಾಲ್ಕು ಜೋಡಿ ತಂತಿಗಳಿಗೂ ಅವುಗಳ ಕವಚಕ್ಕೂ ಮೀಸಲು. ಗಮನಿಸಬೇಕಾದದ್ದು ಉಳಿದ ಏಳನ್ನು. 15 ಮತ್ತು 16ನೆಯ ಪಿನ್‌ಗಳಲ್ಲಿ 'ಡಿಡಿಸಿ' ಎಂಬ ಸಂಭಾಷಣೆ ನಡೆಯುತ್ತದೆ. ವೆಸಾ ಸಂಸ್ಥೆ 1994ರಲ್ಲಿ ರೂಪಿಸಿದ ಏರ್ಪಾಡು ಇದು. ತೆರೆಯ ಹೆಸರು, ಅಳತೆ, ಸಾಮರ್ಥ್ಯಗಳನ್ನು ಗಣಕ ಕೇಳುತ್ತದೆ. ತೆರೆ 'ಇಡಿಐಡಿ' ಎಂಬ ಪರಿಚಯ ಪತ್ರ ಒಪ್ಪಿಸುತ್ತದೆ. 13ನೆಯ ಪಿನ್, ಒಂದೇ ರಿಮೋಟಿನಿಂದ ಹಲವು ಉಪಕರಣಗಳನ್ನು ನಡೆಸುವ 'ಸಿಇಸಿ'ಗೆ ಸೇರಿದ್ದು. 2009ರ 1.4 ಆವೃತ್ತಿ 14ನೆಯ ಪಿನ್ನನ್ನೂ ಬಳಸಿಕೊಂಡು ಇದೇ ಕೇಬಲಿನಲ್ಲಿ ಈಥರ್‌ನೆಟ್ ಸಂಪರ್ಕಕ್ಕೂ ಅವಕಾಶ ಕೊಟ್ಟಿತು.

ಪರಿಚಯ ಪತ್ರದಿಂದ ಅಪಾಯವೇನು? ಅದನ್ನು ಓದಿ ಅರ್ಥ ಮಾಡಿಕೊಳ್ಳುವುದು ಗಣಕದೊಳಗಿನ ಒಂದು ಪ್ರೋಗ್ರಾಮು. ಪತ್ರದಲ್ಲಿ ಬೇಕೆಂದೇ ತಪ್ಪು ಉದ್ದ, ತಪ್ಪು ಅಂಕಿ ತುಂಬಿದ್ದರೆ, ಪ್ರೋಗ್ರಾಮು ಅದನ್ನು ಪರೀಕ್ಷಿಸದೆ ನಂಬಿದರೆ, ಗಣಕದ ಸ್ಮೃತಿಯೇ ಕೆಡಬಹುದು. ಬ್ರಿಟನ್ನಿನ ಎನ್‌ಸಿಸಿ ಗ್ರೂಪ್‌ನ ಆ್ಯಂಡಿ ಡೇವಿಸ್ 2012ರ ಬ್ಲಾಕ್ ಹ್ಯಾಟ್ ಯುರೋಪ್ ಸಮ್ಮೇಳನದಲ್ಲಿ ಇಂಥ ಸಾಧ್ಯತೆಗಳನ್ನು ವಿವರಿಸಿದ್ದರು. ಮನೆಯ ಟಿ.ವಿ.ಗೆ ಹೆದರಬೇಕಾಗಿಲ್ಲ. ಗುಟ್ಟಿನ ಕಡತಗಳಿರುವ ಗಣಕವನ್ನು ಪರಸ್ಥಳದ ತೆರೆಗೆ ಜೋಡಿಸುವವರು ಮಾತ್ರ ಯೋಚಿಸಲೇಬೇಕು.

ಅಡಾಪ್ಟರಿನ ತತ್ತ್ವ ಸರಳ: ಬೇಡದ ತಂತಿಯನ್ನು ಜೋಡಿಸದಿರುವುದು. ಚಿತ್ರದ 12 ಪಿನ್‌ಗಳು, ನೆಲತಂತಿ ಮತ್ತು 5 ವೋಲ್ಟ್ ಆಚೆ ದಾಟುತ್ತವೆ. 13, 14, 15, 16 ಅಲ್ಲೇ ನಿಲ್ಲುತ್ತವೆ. ಆದರೆ ಪರಿಚಯ ಪತ್ರವೇ ಸಿಗದಿದ್ದರೆ ಗಣಕ ಸರಿಯಾದ ಚಿತ್ರ ಕೊಡಲಾರದು. ಅದಕ್ಕಾಗಿ ಅಡಾಪ್ಟರಿನಲ್ಲೇ 24ಸಿ02 ಎಂಬ 256 ಬೈಟ್‌ಗಳ ಅಗ್ಗದ ಸ್ಮೃತಿ ಚಿಪ್ ಕೂರಿಸಿ, ನಂಬಿಕೆಯ ಮಾನಿಟರ್ ಒಂದರ ಪತ್ರವನ್ನು ಮೊದಲೇ ಅದರಲ್ಲಿ ಬರೆದಿಡಬೇಕು. ಆಮೇಲೆ ಚಿಪ್ಪಿನ ಬರಹ-ತಡೆ ಪಿನ್ನನ್ನು 5 ವೋಲ್ಟಿಗೆ ಬೆಸೆದರೆ ಯಾರೂ ತಿದ್ದಲಾರರು. 'ತೆರೆ ಬಂದಿದೆ' ಎಂದು ಸಾರುವ 19ನೆಯ ಪಿನ್ನಿಗೆ 5 ವೋಲ್ಟಿನಿಂದ ಒಂದು ರೆಸಿಸ್ಟರ್ ಸಾಕು.

ಪತ್ರ ಬರೆಯುವಾಗ ಒಂದು ಲೆಕ್ಕ ತಪ್ಪಬಾರದು. 128 ಬೈಟ್‌ಗಳ ಪ್ರತಿ ಭಾಗದ ಒಟ್ಟು ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗಬೇಕು. ಕೊನೆಯ ಬೈಟ್ ಇರುವುದೇ ಈ ಹೊಂದಾಣಿಕೆಗೆ. ಕಷ್ಟದ ಕೆಲಸವೆಂದರೆ ತಂತಿ ಹಾದಿ. 1920×1080 ಚಿತ್ರ ಸೆಕೆಂಡಿಗೆ 60 ಬಾರಿ ಮೂಡಬೇಕಾದರೆ ಮಾಹಿತಿಯ ಪ್ರತಿ ಜೋಡಿಯಲ್ಲೂ ಸೆಕೆಂಡಿಗೆ 148.5 ಕೋಟಿ ಬಿಟ್ ಹರಿಯುತ್ತದೆ. ಜೋಡಿಯ ಎರಡು ಹಾದಿಗಳ ಉದ್ದ ಸಮನಾಗಿರದಿದ್ದರೆ ಚಿತ್ರ ಕೆಡುತ್ತದೆ.

ಈ ಕಾವಲಿಗೆ ಬೆಲೆಯೂ ಉಂಟು. ನಕಲು ತಡೆಯುವ ಎಚ್‌ಡಿಸಿಪಿ ಸಂಕೇತವೂ ಡಿಡಿಸಿಯಲ್ಲೇ ಸಾಗುವುದರಿಂದ ರಕ್ಷಿತ ಚಲನಚಿತ್ರಗಳು ಓಡುವುದಿಲ್ಲ. ಬರೆದಿಟ್ಟ ಪತ್ರಕ್ಕೆ ಹೊಂದದ ತೆರೆ ಸಿಕ್ಕರೆ ಚಿತ್ರವೇ ಬಾರದಿರಬಹುದು. ಎಲ್ಲೆಡೆ ನಡೆಯುವ ಸಾಮಾನ್ಯ ಅಳತೆಯನ್ನೇ ಆರಿಸುವುದು ಜಾಣತನ. ತೆರೆಯ ಮೇಲೆ ಮೂಡಿದ್ದನ್ನು ಪ್ರೊಜೆಕ್ಟರೇ ದಾಖಲಿಸಿಕೊಂಡರೆ ಅದನ್ನು ಯಾವ ಅಡಾಪ್ಟರೂ ತಡೆಯದು. ತೋರಿಸಬಾರದ ಕಡತವನ್ನು ಮೊದಲೇ ಮುಚ್ಚಿಡುವ ಹೊಣೆ ಲ್ಯಾಪ್‌ಟಾಪ್ ಒಡೆಯನದೇ.